ವಿಂಡೋಸ್ ಬಿಟ್ಟು ಲಿನಕ್ಸ್ ಹಾಕುವ ಮೊದಲು: ನಿಮ್ಮ ಪ್ರಿಂಟರ್, ವೈಫೈ, ಟೋಕನ್ ಕೆಲಸ ಮಾಡುತ್ತವಾ ನೋಡಿಕೊಳ್ಳಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಮನೆಯಲ್ಲಿರುವುದು 6ನೇ ತಲೆಮಾರಿನ ಐ5, ಎಸ್‌ಎಸ್‌ಡಿ ಹಾಕಿಸಿದ್ದೀರಿ, ಇನ್ನೂ ಚೆನ್ನಾಗಿ ಓಡುತ್ತಿದೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ, ಅಲ್ವಾ? ಆಗ ಯಾರೋ ಹೇಳುತ್ತಾರೆ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಸಿಸ್ಟಮ್ ಇದೆ, ಅದರಲ್ಲಿ ಲಿನಕ್ಸ್ ಮಿಂಟ್ ಹಾಕ್ಕೊಳ್ಳಿ, ಉಬುಂಟು ಹಾಕ್ಕೊಳ್ಳಿ, ಎಲ್ಲಾ ಸಲೀಸು ಅಂತ.

ಎಲ್ಲಾ ಸಲೀಸಲ್ಲ. ಕಂಪ್ಯೂಟರ್ ಸಲೀಸಾಗಿಯೇ ಓಡುತ್ತದೆ. ತಕರಾರು ಶುರುವಾಗುವುದು ಅದಕ್ಕೆ ಜೋಡಿಸಿದ ಪ್ರಿಂಟರ್, ವೈಫೈ ಡಾಂಗಲ್, ಡಿಜಿಟಲ್ ಸಹಿ ಇಟ್ಟುಕೊಳ್ಳುವ ಪೆನ್‌ಡ್ರೈವ್ ಥರದ ಟೋಕನ್ ಇವುಗಳಿಂದ. ಅದನ್ನು ವಿಂಡೋಸ್ ಅಳಿಸಿದ ಮೇಲೆ ಕಂಡುಕೊಳ್ಳುವ ಬದಲು ಮೊದಲೇ ನೋಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಒಂದು ಸಂಜೆಯ ಕೆಲಸ ಅಷ್ಟೆ. ಹಣ ಖರ್ಚಿಲ್ಲ, ಒಂದು 8 ಜಿಬಿ ಪೆನ್‌ಡ್ರೈವ್ ಇದ್ದರೆ ಸಾಕು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ವಿಂಡೋಸ್‌ನಲ್ಲಿ ಡ್ರೈವರ್, ಅಂದರೆ ಒಂದು ವಸ್ತುವನ್ನು ಓಡಿಸುವ ತಂತ್ರಾಂಶ, ಬರೆಯುವುದು ಬಹುಪಾಲು ಆ ವಸ್ತು ಮಾಡಿದ ಕಂಪನಿ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್ (ಸಿಸ್ಟಮ್‌ನ ತಿರುಳು) ಒಳಗೇ ಇರುತ್ತವೆ, ಸಿಸ್ಟಮ್ ಜೊತೆಗೇ ಬರುತ್ತವೆ, ನೀವು ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ. ಇದರ ಪರಿಣಾಮ ಎರಡು ಥರ. ಕಂಪನಿ ವಿಂಡೋಸ್ 7ಕ್ಕೇ ಕೈಬಿಟ್ಟ ಹಳೇ ಸ್ಕ್ಯಾನರ್ ಒಂದು ಲಿನಕ್ಸ್‌ನಲ್ಲಿ ಚುಚ್ಚಿದ ತಕ್ಷಣ ಓಡಬಹುದು. ನಿನ್ನೆ ಬಿಡುಗಡೆಯಾದ ಹೊಸ ವೈಫೈ ಕಾರ್ಡ್ ಮಾತ್ರ ಕರ್ನಲ್ ಹೊಸದಾಗುವವರೆಗೆ ಸುಮ್ಮನೆ ಕೂತಿರಬಹುದು. ಹಳೇ ಕಂಪ್ಯೂಟರ್ ಇರುವವರಿಗೆ ಇದು ಒಳ್ಳೆಯ ಸುದ್ದಿಯೇ.

ಹಂತ 1: ಪಟ್ಟಿ ಮಾಡಿ, ಆದರೆ ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳಬೇಡಿ

ಕಂಪ್ಯೂಟರ್‌ಗೆ ಏನೇನು ಜೋಡಿಸುತ್ತೀರಿ ಬರೆದುಕೊಳ್ಳಿ. ವರ್ಷಕ್ಕೊಮ್ಮೆ ತೆಗೆಯುವ ವಸ್ತುಗಳೂ ಇರಲಿ, ಏಕೆಂದರೆ ರಿಟರ್ನ್ಸ್ ಸಲ್ಲಿಸುವ ಕೊನೇ ದಿನವೇ ಅವು ನೆನಪಾಗುವುದು.

ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಯುಎಸ್‌ಬಿ ಹೆಡ್‌ಸೆಟ್, ಯುಎಸ್‌ಬಿ ವೆಬ್‌ಕ್ಯಾಮ್ ಇವುಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಯುಎಸ್‌ಬಿಯಲ್ಲಿ ಇಂಥ ಪ್ರತಿ ಬಗೆಯ ವಸ್ತುವಿಗೂ ಒಂದು ಸಾಮಾನ್ಯ ವರ್ಗ ಇರುತ್ತದೆ. ಆ ವರ್ಗದ ನಿಯಮ ಪಾಲಿಸಿದ ವಸ್ತು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬೇರೆ ಡ್ರೈವರ್ ಕೇಳದೆ ಓಡುತ್ತದೆ. ವೆಬ್‌ಕ್ಯಾಮ್‌ಗಳ ಆ ವರ್ಗಕ್ಕೆ ಯುವಿಸಿ ಅನ್ನುತ್ತಾರೆ. ಮೌಸ್‌ನ ಬಣ್ಣದ ಲೈಟು ಬದಲಾಯಿಸುವ ಕಂಪನಿಯ ಸಾಫ್ಟ್‌ವೇರ್ ಸಿಗಲಿಕ್ಕಿಲ್ಲ, ಮೌಸ್ ಓಡುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇಲ್ಲೇ ಒಂದು ಮಾತು. ಕೀಬೋರ್ಡ್ ಬರುತ್ತದೆ, ನುಡಿ ತಂತ್ರಾಂಶ ಬರುವುದಿಲ್ಲ. ಆದರೆ ಕಗಪ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಆರಿಸಿ, ಅದರಲ್ಲಿ ಕಗಪ ಅಂತ ಇರುವುದನ್ನು ಸೇರಿಸಿಕೊಂಡರೆ ಬೆರಳಿನ ಅಭ್ಯಾಸ ಬದಲಾಯಿಸಬೇಕಿಲ್ಲ.

ಉಳಿಯುವುದು ಪ್ರಿಂಟರ್, ಸ್ಕ್ಯಾನರ್, ವೈಫೈ, ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್, ಲ್ಯಾಪ್‌ಟಾಪ್‌ನ ಬೆರಳಚ್ಚು ಓದುವ ಜಾಗ, ಡಿಜಿಟಲ್ ಸಹಿಯ ಟೋಕನ್, ಆಧಾರ್‌ಗೆ ಬಳಸುವ ಬಯೋಮೆಟ್ರಿಕ್ ಯಂತ್ರ. ನಿಜವಾದ ಕೆಲಸ ಇರುವುದು ಇವುಗಳದ್ದೇ.

ಹಂತ 2: ಹೆಸರು ಬೇಡ, ಸಂಖ್ಯೆ ಬರೆದುಕೊಳ್ಳಿ

ಡಬ್ಬದ ಮೇಲಿನ ಹೆಸರು ನಂಬಬೇಡಿ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್ ಅನ್ನೋ ವೈಫೈ ಡಾಂಗಲ್ ನೋಡಿ. ಅದರ ಮೊದಲ ಆವೃತ್ತಿಯಲ್ಲಿ ಎಥೆರೋಸ್ ಕಂಪನಿಯ ಎಆರ್9271 ಚಿಪ್ ಇತ್ತು, ಲಿನಕ್ಸ್‌ನಲ್ಲಿ ಚುಚ್ಚಿದರೆ ಸಾಕು, ನೆಟ್ ಬರುತ್ತಿತ್ತು. ಎರಡನೇ ಆವೃತ್ತಿಯಿಂದ ಒಳಗೆ ರಿಯಲ್‌ಟೆಕ್ ಚಿಪ್ ಬಂತು. ಹೆಸರು ಅದೇ, ಒಳಗಿನ ಚಿಪ್ ಮಾತ್ರ ಪೂರ್ತಿ ಬೇರೆ, ಲಿನಕ್ಸ್‌ನಲ್ಲಿ ಅದನ್ನು ಓಡಿಸಲು ಜನ ವರ್ಷಗಟ್ಟಲೆ ಒದ್ದಾಡಿದರು. ಹೊಸ ಕರ್ನಲ್‌ಗಳಲ್ಲಿ ಈಗ ಎಷ್ಟೋ ಸುಧಾರಿಸಿದೆ. ಹಾಗಾಗಿ "ಆ ಡಾಂಗಲ್ ಲಿನಕ್ಸ್‌ನಲ್ಲಿ ಓಡುತ್ತಾ" ಅಂತ ಕೇಳಿದರೆ ಒಬ್ಬರು ಹೌದು ಅನ್ನುತ್ತಾರೆ, ಇನ್ನೊಬ್ಬರು ಇಲ್ಲ ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಕೇಳಬೇಕಾದ್ದು ಚಿಪ್‌ನ ಗುರುತು ಸಂಖ್ಯೆ. ಇದನ್ನು ವಿಂಡೋಸ್ ಇರುವಾಗಲೇ ತೆಗೆದುಕೊಳ್ಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಬೇಕಾದ ವಸ್ತುವಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್, ಅಲ್ಲಿನ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿ. ಉದ್ದನೆಯ ಸಾಲು ಬರುತ್ತದೆ. ಯುಎಸ್‌ಬಿ ವಸ್ತುವಾದರೆ ವಿಐಡಿ ಮತ್ತು ಪಿಐಡಿ, ಒಳಗಿನ ಕಾರ್ಡ್ ಆದರೆ ವೆನ್ ಮತ್ತು ಡೆವ್ ಅಂತ ಇರುತ್ತದೆ, ಪ್ರತಿಯೊಂದರ ಮುಂದೆ ನಾಲ್ಕು ಅಕ್ಷರ. ಮೊದಲ ನಾಲ್ಕು ಕಂಪನಿಯ ಗುರುತು, ನಂತರದ ನಾಲ್ಕು ಆ ವಸ್ತುವಿನ ಗುರುತು. ಒಳಗಿನ ಕಾರ್ಡ್‌ಗಳಲ್ಲಿ ಇಂಟೆಲ್‌ನ ಗುರುತು 8086, ಎಎಂಡಿ ಗ್ರಾಫಿಕ್ಸ್‌ನದು 1002. ಇಂಟೆಲ್‌ನವರು ತಮ್ಮ 1978ರ ಹೆಸರಾಂತ ಪ್ರೊಸೆಸರ್‌ನ ಸಂಖ್ಯೆಯನ್ನೇ ಇಟ್ಟುಕೊಂಡಿದ್ದಾರೆ, ತಮಾಷೆಯಾಗಿದೆ.

ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡರೂ ಸಾಕು.

ಆಮೇಲೆ ಈ ಎರಡು ಗುರುತುಗಳನ್ನು ಮಧ್ಯೆ ಕೋಲನ್ ಹಾಕಿ, ಮುಂದೆ ಲಿನಕ್ಸ್ ಅಂತ ಸೇರಿಸಿ ಹುಡುಕಿ. ಲಿನಕ್ಸ್-ಹಾರ್ಡ್‌ವೇರ್ ಡಾಟ್ ಆರ್ಗ್ (ಮಧ್ಯೆ ಹೈಫನ್ ಇದೆ) ಅನ್ನೋ ತಾಣದಲ್ಲಿ ಜನರು ತಮ್ಮ ಕಂಪ್ಯೂಟರ್‌ಗಳಿಂದ ಕಳಿಸಿದ ಮಾಹಿತಿ ಇದೆ. ಯಾವ ಚಿಪ್ ಯಾರಲ್ಲಿ ಓಡಿದೆ, ಯಾವ ಕರ್ನಲ್‌ನಿಂದ ಬೆಂಬಲ ಇದೆ ಅಂತ ಅಲ್ಲಿ ಕಾಣುತ್ತದೆ. ಹುಡುಕಿದಾಗ ಸಿಗುವ ಉತ್ತರದ ತಾರೀಖು ನೋಡಿ. 2014ರಲ್ಲಿ ಯಾರೋ "ಓಡಲ್ಲ" ಅಂತ ಬರೆದಿದ್ದು ಇವತ್ತಿಗೆ ಲೆಕ್ಕಕ್ಕಿಲ್ಲ.

ಹಂತ 3: ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ

ಓದಿದ್ದಕ್ಕಿಂತ ಕಣ್ಣಾರೆ ಕಂಡಿದ್ದು ಮೇಲು. ಲಿನಕ್ಸ್ ಅನ್ನು ಡಿಸ್ಕ್‌ಗೆ ಹಾಕದೆ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಉಬುಂಟು ಅಥವಾ ಮಿಂಟ್‌ನ ಐಎಸ್‌ಒ ಕಡತ ಇಳಿಸಿಕೊಳ್ಳಿ, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲಾ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲು ಬೇರೆಡೆ ಇಡಿ.

ರೀಸ್ಟಾರ್ಟ್ ಮಾಡುವ ಮೊದಲು ಎರಡು ಕೆಲಸ. ಒಂದು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯಾ ನೋಡಿ. ಆಗಿದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ಸ್ ಮುಟ್ಟಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು, ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ನಿಮಗೂ ಸಿಗುವುದಿಲ್ಲ. ಈ ಒಂದು ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಎರಡು, ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಮಾಮೂಲಿ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಫಾಸ್ಟ್ ಸ್ಟಾರ್ಟಪ್ ಅಂತ ಅರ್ಧ ಎಚ್ಚರವಾಗಿರುತ್ತದೆ, ಆಗ ಲಿನಕ್ಸ್ ಆ ಡಿಸ್ಕ್‌ಗೆ ಬರೆಯಲು ಒಪ್ಪುವುದಿಲ್ಲ.

ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಆರಿಸಿ. ಇನ್‌ಸ್ಟಾಲ್ ಒತ್ತಬೇಡಿ, ಮೊದಲು ಸುಮ್ನೆ ಓಡಿಸಿ ನೋಡಿ.

ಡೆಸ್ಕ್‌ಟಾಪ್ ಬಂದ ಮೇಲೆ ಒಂದೊಂದಾಗಿ ಪರೀಕ್ಷಿಸಿ. ವೈಫೈ ಸೇರುತ್ತಾ, ವಿಡಿಯೋ ಹಾಕಿದರೆ ಸ್ಪೀಕರ್‌ನಲ್ಲಿ ದನಿ ಬರುತ್ತಾ, ಮೈಕ್‌ನಲ್ಲಿ ಮಾತು ರೆಕಾರ್ಡ್ ಆಗುತ್ತಾ, ಬ್ಲೂಟೂತ್ ಹೆಡ್‌ಫೋನ್ ಜೋಡಿಯಾಗುತ್ತಾ, ಬೆಳಕು ಹೆಚ್ಚುಕಡಿಮೆ ಮಾಡುವ ಕೀ ಕೆಲಸ ಮಾಡುತ್ತಾ, ಎಚ್‌ಡಿಎಂಐ ಹಾಕಿದರೆ ಟಿವಿಯಲ್ಲಿ ಚಿತ್ರ ಬರುತ್ತಾ. ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ತೆಗೆಯಿರಿ. ಜನ ಈ ಕೊನೆಯದನ್ನು ನೋಡುವುದೇ ಇಲ್ಲ. ಆಮೇಲೆ ದಿನಾ ನಿದ್ದೆಯಿಂದ ಏಳದ ಲ್ಯಾಪ್‌ಟಾಪ್ ಜೊತೆ ಗುದ್ದಾಡುತ್ತಾರೆ.

ಏನಾದರೂ ಓಡಲಿಲ್ಲ ಅಂದರೆ ಟರ್ಮಿನಲ್ ತೆರೆದು ಎರಡು ಕಮಾಂಡ್ ಕೊಡಿ. ಇವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ, ಸ್ಪೇಸ್ ಅಂತ ಹೇಳಿದಲ್ಲಿ ಬಿಟ್ಟು ಬೇರೆಲ್ಲೂ ಜಾಗ ಬಿಡದೆ ಟೈಪ್ ಮಾಡಬೇಕು. ಎಲ್‌ಎಸ್‌ಯುಎಸ್‌ಬಿ ಅಂದರೆ ಚುಚ್ಚಿದ ಯುಎಸ್‌ಬಿ ವಸ್ತುಗಳ ಪಟ್ಟಿ ಬರುತ್ತದೆ. ಎಲ್‌ಎಸ್‌ಪಿಸಿಐ ಬರೆದು, ಒಂದು ಸ್ಪೇಸ್ ಕೊಟ್ಟು, ಹೈಫನ್ ಹಾಕಿ ಎನ್‌ಎನ್‌ಕೆ ಸೇರಿಸಿದರೆ ಒಳಗಿನ ಕಾರ್ಡ್‌ಗಳು, ಅವುಗಳ ಗುರುತು, ಪ್ರತಿಯೊಂದನ್ನು ಈಗ ಯಾವ ಡ್ರೈವರ್ ಓಡಿಸುತ್ತಿದೆ ಎಲ್ಲಾ ಕಾಣುತ್ತದೆ. "ಕರ್ನಲ್ ಡ್ರೈವರ್ ಇನ್ ಯೂಸ್" ಅನ್ನೋ ಸಾಲು ಒಂದು ಕಾರ್ಡ್‌ನ ಕೆಳಗೆ ಇಲ್ಲವೆಂದರೆ ಅದಕ್ಕೆ ಡ್ರೈವರ್ ಸಿಕ್ಕಿಲ್ಲ. ಸಾಲು ಇದ್ದೂ ವಸ್ತು ಓಡುತ್ತಿಲ್ಲ ಅಂದರೆ ಬಹುಶಃ ಫರ್ಮ್‌ವೇರ್ (ವಸ್ತುವಿನ ಒಳಗೇ ಓಡುವ ತಂತ್ರಾಂಶ) ಕಡತ ಇಲ್ಲ, ಅದು ನೆಟ್ ಸಿಕ್ಕ ಮೇಲೆ ಸರಿಹೋಗುವ ಸಾಧ್ಯತೆ ಜಾಸ್ತಿ.

ವೈಫೈಯೇ ಓಡದಿದ್ದರೆ ನೆಟ್ ಎಲ್ಲಿಂದ ಬರಬೇಕು? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್ ಅಂತ ತಿಳಿದು ತಕ್ಷಣ ಸೇರಿಕೊಳ್ಳುತ್ತದೆ. ಬ್ರಾಡ್‌ಕಾಮ್ ವೈಫೈ ಇರುವ ಹಳೇ ಲ್ಯಾಪ್‌ಟಾಪ್, ಹಳೇ ಮ್ಯಾಕ್‌ಬುಕ್ ಇರುವವರಿಗೆ ಇದೇ ದಾರಿ: ಫೋನ್ ನೆಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದು, ಅದು ತೋರಿಸುವ ಡ್ರೈವರ್ ಹಾಕಿಕೊಂಡು, ಒಮ್ಮೆ ರೀಸ್ಟಾರ್ಟ್. ಇದನ್ನು ಲಿನಕ್ಸ್ ಡಿಸ್ಕ್‌ಗೆ ಹಾಕಿದ ಮೇಲೆ ಮಾಡಿ, ಪೆನ್‌ಡ್ರೈವ್‌ನಿಂದ ಓಡಿಸುವಾಗ ಹಾಕಿದ್ದು ರೀಸ್ಟಾರ್ಟ್ ಆದರೆ ಉಳಿಯುವುದಿಲ್ಲ.

ಎನ್ವಿಡಿಯಾ, ಬ್ರಾಡ್‌ಕಾಮ್ ಥರದ ಹೊರಗಿನ ಡ್ರೈವರ್ ಹಾಕುವಾಗ, ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ಬೂಟ್‌ನಲ್ಲೇ ತಡೆಯುವ ವ್ಯವಸ್ಥೆ) ಆನ್ ಇದ್ದರೆ, ಒಂದು ಪಾಸ್‌ವರ್ಡ್ ಮಾಡಿಕೊಳ್ಳಿ ಅನ್ನುತ್ತದೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ, ಹೆದರಬೇಡಿ. ಅಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅದನ್ನು ತಪ್ಪಿಸಿ ಮುಂದೆ ಹೋದರೆ ಡ್ರೈವರ್ ಹಾಕಿದ್ದೂ ಹಾಕದ ಹಾಗೆಯೇ.

ಹಂತ 4: ಪ್ರಿಂಟರ್, ಅಂದರೆ ನಿಜವಾದ ತಲೆನೋವು

ನಮ್ಮ ಊರುಗಳ ಝೆರಾಕ್ಸ್ ಅಂಗಡಿ, ಆಡಿಟರ್ ಆಫೀಸು, ಮನೆ ಎಲ್ಲೆಲ್ಲೂ ಕಾಣುವ ಮೂರು ಪ್ರಿಂಟರ್ ಇವೆ: ಕ್ಯಾನನ್ ಎಲ್‌ಬಿಪಿ2900, ಎಚ್‌ಪಿ ಲೇಸರ್‌ಜೆಟ್ 1020, ಎಚ್‌ಪಿ ಎಂ1005. ಗಟ್ಟಿಮುಟ್ಟಾದವು, ಟೋನರ್ ತುಂಬಿಸಿಕೊಂಡು ವರ್ಷಗಟ್ಟಲೆ ಓಡುತ್ತವೆ. ತೊಂದರೆ ಏನೆಂದರೆ ಇವು ಅಗ್ಗವಾಗಿದ್ದಕ್ಕೆ ಕಾರಣವೇ ಇವುಗಳಲ್ಲಿ ಬುದ್ಧಿ ಕಡಿಮೆ ಇಟ್ಟಿರುವುದು. ಪುಟವನ್ನು ಸಿದ್ಧಮಾಡುವ ಕೆಲಸವನ್ನೆಲ್ಲಾ ಕಂಪ್ಯೂಟರ್ ಮಾಡಿ, ಕಂಪನಿಯದೇ ಗುಟ್ಟಿನ ಭಾಷೆಯಲ್ಲಿ ಕಳಿಸಬೇಕು. ಆ ಭಾಷೆ ಬಲ್ಲ ಡ್ರೈವರ್ ಇಲ್ಲದಿದ್ದರೆ ಪ್ರಿಂಟರ್ ಬರೀ ಡಬ್ಬ.

ಎಚ್‌ಪಿ 1020ರ ಕಥೆ ವಿಚಿತ್ರ. ಅದರ ಫರ್ಮ್‌ವೇರ್ ಅದರೊಳಗೆ ಉಳಿಯುವುದೇ ಇಲ್ಲ, ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಕಳಿಸಿಕೊಡಬೇಕು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಎಚ್‌ಪಿಯವರದೇ ಎಚ್‌ಪಿಎಲ್‌ಐಪಿ ತಂತ್ರಾಂಶ ಇದೆ. ಎಷ್ಟೋ ಕಡೆ ಮೊದಲೇ ಇರುತ್ತದೆ, ಇಲ್ಲದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಿ. ಅದರ ಸೆಟಪ್ ಓಡಿಸಿದಾಗ ಪ್ಲಗಿನ್ ಬೇಕಾ ಅಂತ ಕೇಳುತ್ತದೆ, ಹೌದು ಅನ್ನಿ. ಪ್ಲಗಿನ್‌ನ ಆವೃತ್ತಿ ಮತ್ತು ಎಚ್‌ಪಿಎಲ್‌ಐಪಿ ಆವೃತ್ತಿ ಒಂದೇ ಇರಬೇಕು. ಹಾಗಾಗಿ ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಒಂದು ದಿನ ಪ್ರಿಂಟರ್ ಇದ್ದಕ್ಕಿದ್ದಂತೆ ಮುನಿಸಿಕೊಂಡರೆ ಪ್ಲಗಿನ್ ಮತ್ತೆ ಹಾಕಿ ನೋಡಿ. ಎಂ1005ಕ್ಕೂ ಇದೇ ಮದ್ದು.

ಕ್ಯಾನನ್ ಎಲ್‌ಬಿಪಿ2900 ಇದ್ದರೆ ನೇರವಾಗಿ ಹೇಳಿಬಿಡುತ್ತೇನೆ: ಲಿನಕ್ಸ್‌ಗೆ ಹೋಗುವ ಮೊದಲು ಎರಡು ಸಲ ಯೋಚಿಸಿ. ಇದರ ಭಾಷೆಯ ಹೆಸರು ಸಿಎಪಿಟಿ. ಕ್ಯಾನನ್ ಲಿನಕ್ಸ್‌ಗೂ ಡ್ರೈವರ್ ಕೊಟ್ಟಿದೆ, ಆದರೆ ಅದು ಹಳೆಯದು, 32 ಬಿಟ್ ಲೈಬ್ರರಿಗಳನ್ನು ಕೇಳುತ್ತದೆ, ಹಿನ್ನೆಲೆಯಲ್ಲಿ ಅದರದೇ ಒಂದು ಪ್ರೋಗ್ರಾಂ ಸದಾ ಓಡುತ್ತಿರಬೇಕು. ಓಡಿಸಿದವರಿದ್ದಾರೆ. ಟರ್ಮಿನಲ್ ಅಂದರೆ ಖುಷಿ ಪಡುವವರು ಪ್ರಯತ್ನಿಸಿ. ದಿನಾ ಹತ್ತಾರು ಪುಟ ತೆಗೆಯಬೇಕಾದ ಅಂಗಡಿಯಲ್ಲಿ, ಗಿರಾಕಿ ನಿಂತಿರುವಾಗ, ಇದು ಬೇಡ.

ಹೊಸ ಪ್ರಿಂಟರ್‌ಗಳ ಲೋಕವೇ ಬೇರೆ. 2010ರಲ್ಲಿ ಆಪಲ್ ಐಫೋನ್, ಐಪ್ಯಾಡ್‌ಗಳಿಗಾಗಿ ಏರ್‌ಪ್ರಿಂಟ್ ತಂದಿತು. ಫೋನ್‌ಗೆ ಒಂದೊಂದು ಪ್ರಿಂಟರ್‌ಗೂ ಡ್ರೈವರ್ ಹಾಕಲು ಆಗುವುದಿಲ್ಲವಲ್ಲ, ಹಾಗಾಗಿ ಪ್ರಿಂಟರೇ ಐಪಿಪಿ ಎಂಬ ಎಲ್ಲರಿಗೂ ತಿಳಿದ ಭಾಷೆ ಮಾತಾಡಬೇಕಾಯಿತು. ಇದರ ಲಾಭ ಲಿನಕ್ಸ್‌ಗೂ ಸಿಕ್ಕಿತು. ಏರ್‌ಪ್ರಿಂಟ್ ಇರುವ ವೈಫೈ ಪ್ರಿಂಟರ್ ಅದೇ ನೆಟ್‌ವರ್ಕ್‌ನಲ್ಲಿದ್ದರೆ ಲಿನಕ್ಸ್‌ನ ಪ್ರಿಂಟ್ ಪಟ್ಟಿಯಲ್ಲಿ ತಾನಾಗಿಯೇ ಬಂದು ಕೂರುತ್ತದೆ. ವಿಂಡೋಸ್ ಕೂಡ ಅದೇ ಕಡೆ ಹೊರಟಿದೆ: ಕಂಪನಿಗಳ ಬೇರೆ ಬೇರೆ ಪ್ರಿಂಟರ್ ಡ್ರೈವರ್‌ಗಳಿಗೆ ಬೆಂಬಲವನ್ನು ಹಂತಹಂತವಾಗಿ ಕಡಿಮೆ ಮಾಡುವ ಯೋಜನೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ನಿಮ್ಮ ಪ್ರಿಂಟರ್ ಈ ಬಗೆಯದ್ದಾ ಅಂತ ತಿಳಿಯಲು ಸುಲಭ ಉಪಾಯ ಇದೆ. ಯಾವ ಆ್ಯಪ್ ಕೂಡ ಹಾಕದೆ ಐಫೋನ್‌ನಿಂದ ನೇರ ಪ್ರಿಂಟ್ ಬಂದರೆ ಲಿನಕ್ಸ್‌ನಿಂದಲೂ ಬರುತ್ತದೆ ಅಂತ ಬಹುಮಟ್ಟಿಗೆ ಧೈರ್ಯವಾಗಿರಬಹುದು.

ಹಂತ 5: ಡಿಸ್ಕ್‌ಗಳು

ಇಲ್ಲಿ ಜಾಸ್ತಿ ಹೇಳುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಲಿನಕ್ಸ್ ಓದುತ್ತದೆ, ಬರೆಯುತ್ತದೆ. ಮ್ಯಾಕ್ ಓದುತ್ತದೆ, ಆದರೆ ಬೇರೆ ತಂತ್ರಾಂಶ ಇಲ್ಲದೆ ಬರೆಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಡಿಸ್ಕನ್ನು ವಿಂಡೋಸ್‌ಗೆ ಹಾಕಿದರೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳಬಹುದು. ಅಪ್ಪಿತಪ್ಪಿಯೂ ಹೌದು ಒತ್ತಬೇಡಿ. ಮೂರರ ನಡುವೆ ಓಡಾಡುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಇರಲಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್‌ನಲ್ಲಿ ಮಾತ್ರ ಎಜೆಕ್ಟ್ ಮಾಡದೆ ಕಿತ್ತುಕೊಳ್ಳುವ ಅಭ್ಯಾಸ ಬಿಡಿ, ಬರೆಯುತ್ತಿದ್ದದ್ದು ಅರ್ಧಕ್ಕೆ ನಿಂತರೆ ಕೆಡುವ ಸಂಭವ ಅದರಲ್ಲಿ ಹೆಚ್ಚು.

ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಒಳಗಿನ ಡಿಸ್ಕೇ ಕಾಣುತ್ತಿಲ್ಲ ಅಂದರೆ ಬಯೋಸ್‌ನಲ್ಲಿ ಅದು ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿರಬಹುದು, ಎಎಚ್‌ಸಿಐ ಮಾಡಬೇಕು. ಆದರೆ ವಿಂಡೋಸ್ ಉಳಿಸಿಕೊಳ್ಳುವವರು ಅದನ್ನು ದುಡುಕಿ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗದೆ ಹೋಗಬಹುದು. ಮೊದಲು ಬ್ಯಾಕಪ್, ಆಮೇಲೆ ಬಯೋಸ್.

ಹಂತ 6: ಸಹಿಯ ಟೋಕನ್, ಬೆರಳಚ್ಚು ಯಂತ್ರ

ಜಿಎಸ್‌ಟಿ, ಆದಾಯ ತೆರಿಗೆ, ಟೆಂಡರ್ ಕೆಲಸ ಇರುವವರು ಪ್ರಾಕ್ಸ್‌ಕೀ, ಇಪಾಸ್ 2003 ಥರದ ಟೋಕನ್ ಬಳಸುತ್ತಾರೆ. ಇಲ್ಲಿ ಎರಡು ಕಡೆ ಪರೀಕ್ಷೆ ಪಾಸಾಗಬೇಕು. ಟೋಕನ್‌ಗೆ ಲಿನಕ್ಸ್ ತಂತ್ರಾಂಶ ಇರಬೇಕು, ಜೊತೆಗೆ ನೀವು ಸಹಿ ಹಾಕುವ ಪೋರ್ಟಲ್ ಕೊಡುವ ಸಹಾಯಕ ತಂತ್ರಾಂಶವೂ ಲಿನಕ್ಸ್‌ನಲ್ಲಿ ಓಡಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಸಹಿ ಬೀಳುವುದಿಲ್ಲ. ಪ್ರತಿ ಪೋರ್ಟಲ್‌ನ ಡೌನ್‌ಲೋಡ್ ಪುಟಕ್ಕೆ ಹೋಗಿ ಲಿನಕ್ಸ್ ಹೆಸರು ಇದೆಯಾ ನೋಡಿ.

ಇಲ್ಲದಿದ್ದರೆ ವರ್ಚುವಲ್‌ಬಾಕ್ಸ್ ಇದೆ. ಲಿನಕ್ಸ್ ಒಳಗೇ ಒಂದು ವಿಂಡೋಸ್ ಓಡಿಸಿ, ಯುಎಸ್‌ಬಿ ಫಿಲ್ಟರ್‌ನಲ್ಲಿ ಟೋಕನ್ ಸೇರಿಸಿದರೆ ಅದು ನೇರ ಒಳಗಿನ ವಿಂಡೋಸ್‌ಗೆ ಹೋಗುತ್ತದೆ. ನಿಮ್ಮ ಬಳಕೆದಾರ ಖಾತೆಯನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಯುಎಸ್‌ಬಿ ಪಟ್ಟಿ ಖಾಲಿ ಕಾಣುತ್ತದೆ. 8 ಜಿಬಿ ರ್‍ಯಾಮ್ ಆದರೂ ಇರಲಿ. ಮೇಲೆ ಹೇಳಿದ ಕ್ಯಾನನ್ ಪ್ರಿಂಟರ್‌ಗೂ ಈ ದಾರಿ ನಡೆಯುತ್ತದೆ.

ಆಧಾರ್ ದೃಢೀಕರಣದ ಬೆರಳಚ್ಚು ಯಂತ್ರಗಳಿಗೆ ಆರ್‌ಡಿ ಸರ್ವಿಸ್ (ರಿಜಿಸ್ಟರ್ಡ್ ಡಿವೈಸ್ ಸರ್ವಿಸ್) ಅನ್ನೋ ತಂತ್ರಾಂಶ ಬೇಕು, ಅದು ಸಾಮಾನ್ಯವಾಗಿ ಸಿಗುವುದು ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ. ಸೇವಾ ಕೇಂದ್ರ ನಡೆಸುವವರು ಆ ಒಂದು ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಬಿಡಿ, ಅಥವಾ ಯಂತ್ರವನ್ನು ಒಟಿಜಿ ಕೇಬಲ್‌ನಿಂದ ಫೋನ್‌ಗೆ ಹಾಕಿ ಕೆಲಸ ನಡೆಯುತ್ತದಾ ನೋಡಿ. ಲ್ಯಾಪ್‌ಟಾಪ್‌ನ ಸ್ವಂತ ಬೆರಳಚ್ಚು ಜಾಗ ಓಡದಿದ್ದರೆ ಅಳಬೇಡಿ, ಪಾಸ್‌ವರ್ಡ್ ಇದೆಯಲ್ಲ.

ಹೊಸದು ಕೊಳ್ಳುವಾಗ

ಇನ್ನು ಮುಂದೆ ಏನೇ ಕೊಂಡರೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಕಡೆ ಓಡುವಂಥದ್ದನ್ನೇ ಕೊಳ್ಳಿ. ಪ್ರಿಂಟರ್ ಮೇಲೆ ಏರ್‌ಪ್ರಿಂಟ್ ಗುರುತು ಇರಲಿ. ವೈಫೈ ಡಾಂಗಲ್‌ನಲ್ಲಿ ಮೀಡಿಯಾಟೆಕ್‌ನ ಎಂಟಿ7612ಯು ಅಥವಾ ಎಂಟಿ7921ಎಯು ಚಿಪ್ ಇದ್ದರೆ ಡ್ರೈವರ್ ಕರ್ನಲ್ ಒಳಗೇ ಇದೆ. ಲ್ಯಾಪ್‌ಟಾಪ್ ಒಳಗಿನ ಕಾರ್ಡ್ ಆದರೆ ಇಂಟೆಲ್ ನೆಮ್ಮದಿ. ಹಾಡು ರೆಕಾರ್ಡ್ ಮಾಡುವ ಆಡಿಯೋ ಇಂಟರ್ಫೇಸ್ ಕೊಳ್ಳುವವರು "ಕ್ಲಾಸ್ ಕಂಪ್ಲಯಂಟ್" ಅನ್ನೋ ಮಾತು ಹುಡುಕಿ, ಅಂದರೆ ಮೇಲೆ ಹೇಳಿದ ಯುಎಸ್‌ಬಿ ವರ್ಗದ ನಿಯಮ ಪಾಲಿಸುವಂಥದ್ದು.

ಮ್ಯಾಕ್ ಎಂ1, ಅದರ ನಂತರದವು, ಅಥವಾ ಸ್ನಾಪ್‌ಡ್ರಾಗನ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಎಚ್ಚರಿಕೆ ಒಂದೇ. ಇವುಗಳ ಪ್ರೊಸೆಸರ್ ಎಆರ್‌ಎಂ ಬಗೆಯದು, ಇಂಟೆಲ್, ಎಎಂಡಿಗಳಿಗಿಂತ ಬೇರೆ. ಹಳೇ ಆ್ಯಪ್‌ಗಳನ್ನು ಅವು ಅನುವಾದ ಮಾಡಿ ಓಡಿಸುತ್ತವೆ, ಆದರೆ ಸಿಸ್ಟಮ್ ಒಳಗೆ ಕೂರುವ ಹಳೇ ಡ್ರೈವರ್‌ಗಳನ್ನು ಓಡಿಸಲಾರವು. ಅದೇ ವಿಂಡೋಸ್ 11, ಅದೇ ಪ್ರಿಂಟರ್, ಒಂದು ಲ್ಯಾಪ್‌ಟಾಪ್‌ನಲ್ಲಿ ಓಡಿ ಇನ್ನೊಂದರಲ್ಲಿ ಓಡದಿರಲು ಇದೇ ಕಾರಣ. ಕಂಪನಿಯ ಪುಟದಲ್ಲಿ ಎಆರ್‌ಎಂ64 ಡ್ರೈವರ್ ಇದೆಯಾ ಅಂತ ದುಡ್ಡು ಕೊಡುವ ಮೊದಲೇ ನೋಡಿ.

ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ಬಂದ ದಿನವೇ ಆ ಲಿನಕ್ಸ್ ಪೆನ್‌ಡ್ರೈವ್ ಹಾಕಿ ಪರೀಕ್ಷಿಸಿ. ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಡಬ್ಬವನ್ನೂ ಬಿಲ್ಲನ್ನೂ ಎಸೆಯಬೇಡಿ.